ಎಲೆ ಮಗುಚುವ ಹಕ್ಕಿ

ನಮ್ಮ ಮನೆಯಲ್ಲಿ ಮೂರು ಕಸಬರಿಗೆಗಳಿವೆ. ಒಳಗಿನ ಕೋಣೆಗಳಿಗೆ ಹುಲ್ಲಿನದು, ಮುಂದಿನ ಅಂಗಳಕ್ಕೆ ಈಚಲ ಗರಿಯದು, ಹಿತ್ತಲಿಗೆ ತೆಂಗಿನ ಕಡ್ಡಿಯದು. ಯಾವುದು ಎಲ್ಲಿರಬೇಕು, ಯಾವುದನ್ನು ಯಾವ ಹೊತ್ತಿಗೆ ಹಿಡಿಯಬೇಕು ಎಂಬ ಕಾನೂನನ್ನೆಲ್ಲ ಮಾಡಿದವರು ನಮ್ಮ ಅತ್ತೆ. ಮೊನ್ನೆ ದೀಪಾವಳಿಗೆಂದು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಮೂರನೆಯದು ಬಚ್ಚಲುಮನೆಯ ಹಿಂದಿನ ಸಂದಿಯಲ್ಲಿ ಮೈತುಂಬ ಜೇಡರ ಬಲೆ ಹೊದ್ದು ನಿಂತದ್ದು ಕಣ್ಣಿಗೆ ಬಿತ್ತು. ಅದನ್ನು ಯಾರೂ ಮುಟ್ಟದೆ ಒಂಬತ್ತು ತಿಂಗಳಾಗಿದೆ. ಬಣ್ಣ ಹಚ್ಚುವವನು "ಇದನ್ನ ಹೊರಗ ಒಗದ ಬಿಡ್ಲೇನ್ರಿ ಟೀಚರ್ರ?" ಎಂದ. ನನಗೆ ನಗು ಬಂತು. ಯಾಕೆ ಬಂತೆಂದು ನೀವು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುವವಳೇ ಬಿಡಿ, ಮಸ್ಕಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಸಮಾಜ ವಿಜ್ಞಾನ ಹೇಳಿದ ಬಾಯಿ ಇದು.

ನಮ್ಮ ಓಣಿಯಲ್ಲಿ ಒಂದು ಮನೆಯ ಯೋಗ್ಯತೆಯನ್ನು ಅಳೆಯುವುದು ಕಸ ಹೊಡೆದ ನೆಲದಿಂದ. ಬಾಗಿಲು ಎಷ್ಟು ದೊಡ್ಡದು, ಒಳಗೆ ಎಂಥ ಸೋಫಾ ಇದೆ ಎಂಬುದೆಲ್ಲ ಆಮೇಲೆ. ಬಿಸಿಲು ಅಂಗಳಕ್ಕೆ ಇಳಿಯುವ ಮೊದಲು ಕಸ ಹೊಡೆದು, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕಿರಬೇಕು. ಹಿತ್ತಲಿಗೂ ಅದೇ ನಿಯಮ. ಹಿತ್ತಲನ್ನು ಯಾರು ನೋಡುತ್ತಾರೆ ಎಂದು ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಕೇಳಿದ್ದೆ. "ಹಿತ್ತಲಾ ನಾ ನೋಡತೀನಿ" ಎಂದಿದ್ದರು ಅತ್ತೆ. ಅಲ್ಲಿಗೆ ಮಾತು ಮುಗಿದಿತ್ತು.

ನನ್ನ ತವರು ಜವಳಗೇರಾ. ಕಾಲುವೆ ನೀರಿನ ಊರು. ವರ್ಷದ ಎಂಟು ತಿಂಗಳು ಅಲ್ಲಿ ಕಾಲಿಗೆ ಕೆಸರು, ಟ್ರ್ಯಾಕ್ಟರ್ ಗಾಲಿಗೆ ಕೆಸರು, ಎಮ್ಮೆಗೆ ಕೆಸರು. ಉಳಿದ ನಾಲ್ಕು ತಿಂಗಳು ಭತ್ತದ ಹೊಟ್ಟು ಕಣ್ಣಿಗೆ, ಮೂಗಿಗೆ, ಅನ್ನದ ತಾಟಿಗೆ. ನನ್ನ ಅವ್ವ ಕಸ ಹೊಡೆಯುವುದೆಂದರೆ ಬಾಗಿಲ ಮುಂದಿನ ಹೊಟ್ಟನ್ನು ಪಕ್ಕದ ಮನೆಯ ಬಾಗಿಲ ಮುಂದಕ್ಕೆ ದೂಡುವುದು. ಸಂಜೆ ಗಾಳಿ ತಿರುಗಿದಾಗ ಅದು ಮರಳಿ ನಮ್ಮಲ್ಲಿಗೆ ಬರುತ್ತಿತ್ತು, ಎರಡೂ ಮನೆಗಳ ನಡುವೆ ಜಗಳವಿಲ್ಲದ ವ್ಯವಹಾರ ಅದು. ಅಂಥ ಶಾಲೆಯಲ್ಲಿ ಕಲಿತು ಬಂದವಳು ಮಸ್ಕಿಯ ಈ ಮನೆಯಲ್ಲಿ ಮೊದಲ ದಿನ ಕಸಬರಿಗೆ ಹಿಡಿದಾಗ ಅತ್ತೆ ಹೊಸ್ತಿಲಲ್ಲಿ ನಿಂತು ಪೂರ್ತಿ ನೋಡಿದರು. ಮುಗಿದ ಮೇಲೆ ಒಂದೇ ಮಾತು. "ಕೋಳಿ ಕೆದರಿದಂಗ ಆಗೇತಿ."

ಅವರು ಹೊಡೆಯುವುದನ್ನು ನೀವು ನೋಡಬೇಕಿತ್ತು. ಬಾಗಿಲಿನಿಂದ ದೂರದ ಮೂಲೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಬರುವರು. ಹಾಗೆ ಬಂದರೆ ಹೊಡೆದ ನೆಲದ ಮೇಲೆ ತಮ್ಮ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ನೆಲದಲ್ಲಿ ಅರ್ಧಚಂದ್ರದಂಥ ಗೆರೆಗಳು ಸಾಲುಸಾಲಾಗಿ ಮೂಡುತ್ತಿದ್ದವು. ಬಿಸಿಲು ಏರುವವರೆಗೆ ಅದರ ಮೇಲೆ ಯಾರೂ ಕಾಲಿಡಬಾರದು. ನಮ್ಮ ಮನೆಯವರು, ಅಂದರೆ ಅವರ ಒಬ್ಬನೇ ಮಗ ಈರಣ್ಣ, ಹಲ್ಲುಜ್ಜಲು ಗೋಡೆಯ ಅಂಚಿನಲ್ಲೇ ನಡೆದು ಹೋಗುವ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಊರಿಗೆಲ್ಲ ಪೇಂಟು, ಪೈಪು ಮಾರುವ ಅಂಗಡಿಯ ಯಜಮಾನ, ತನ್ನ ಮನೆಯ ಹಿತ್ತಲಲ್ಲಿ ಕಳ್ಳನಂತೆ ನಡೆಯುತ್ತಾರೆ.

ಹಾಗೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾಗಲೇ, ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ, ಅತ್ತೆ ಬಟ್ಟೆ ಒಗೆಯುವ ಕಲ್ಲಿಗೆ ಎಡವಿ ಬಿದ್ದರು. ಸೊಂಟದ ಕೆಳಗೆ ಎಲುಬು ಮುರಿಯಿತು. ಲಿಂಗಸುಗೂರಿನ ಒಂದು ದವಾಖಾನೆಯಲ್ಲಿ ಆಪರೇಷನ್ ಆಗಿ, ಒಳಗೆ ರಾಡು ಹಾಕಿ, ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ಆಟೋದಿಂದ ಇಳಿಸುವಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹಿತ್ತಲಾ ಯಾರು ಹೊಡ್ಯಾಕತ್ತೀರಿ?" ಎಂಬುದು. ನಾನೇ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ನೋವಿಗೋ ನನ್ನ ಉತ್ತರಕ್ಕೋ ತಿಳಿಯಲಿಲ್ಲ.

ತಮ್ಮ ಮಂಚವನ್ನು ಹಿಂದಿನ ಪಡಸಾಲೆಯಲ್ಲಿ, ಹಿತ್ತಲಿಗೆ ಮುಖ ಮಾಡಿ ಹಾಕಿಸಿಕೊಂಡರು. ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ಮಾವಿನ ಗಿಡ, ಒಂದು ಬಾದಾಮಿ ಗಿಡ, ಬಚ್ಚಲು ನೀರು ಹರಿಯುವಲ್ಲಿ ನಾಲ್ಕು ಬಾಳೆ, ಅವುಗಳ ಆಚೆಗೆ ಪೊದೆಗಟ್ಟಿದ ನಿಂಬೆ. ನಾನು ಸುಳ್ಳು ಹೇಳುವುದಿಲ್ಲ, ಮೊದಲ ವಾರ ದಿನಾ ಹೊಡೆದೆ. ಆಮೇಲೆ ಅಡುಗೆ, ಅತ್ತೆಯ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಹತ್ತಕ್ಕೆ ಶಾಲೆ, ಸಂಜೆ ಮತ್ತೆ ಅದೇ. ಮುಂದಿನ ಅಂಗಳ ಹೊಡೆಯುವಷ್ಟರಲ್ಲಿ ಸೊಂಟ ಬೀಳುತ್ತಿತ್ತು. ಹಿತ್ತಲ ಸರದಿ ನಾಳೆಗೆ, ನಾಡಿದ್ದಿಗೆ ಹೋಯಿತು. ಬಾದಾಮಿ ಎಲೆಗಳು ತಾಟಿನಷ್ಟು ಅಗಲ, ಬಿದ್ದರೆ ಸದ್ದೂ ಜೋರು. ಒಂದೊಂದು ಬಿದ್ದಾಗಲೂ ಅತ್ತೆ ನಿಟ್ಟುಸಿರು ಬಿಡುವರು.

"ಸಂಜೀಕ ಹೊಡಿತೀನ್ರಿ ಅತ್ತಿ" ಎನ್ನುವುದು ನನ್ನ ಪಾಠವಾಯಿತು.

"ಯಾವ ಸಂಜೀಕ ಬೇ? ದಸರಾ ಆತು, ದೀಪಾವಳಿ ಆತು. ನಾ ಮಲಗೀನಿ ಅಂತ ಮನಿ ಅಡವಿ ಮಾಡಿಟ್ಟಿ."

ಅಡವಿಯೇ ಆಗಿತ್ತು. ಗೇಣು ದಪ್ಪಕ್ಕೆ ಎಲೆ ಬಿದ್ದು, ಮೇಲಿನದು ಒಣಗಿ, ಕೆಳಗಿನದು ಬಚ್ಚಲು ನೀರಿಗೆ ಕೊಳೆತು ಕರ್ರಗಾಗಿತ್ತು. ನಡೆದರೆ ಕಾಲು ಮೆತ್ತಗೆ ಒಳಗೆ ಹೋಗುತ್ತಿತ್ತು. ನನಗಂತೂ ಜವಳಗೇರಾ ನೆನಪಾಗುತ್ತಿತ್ತು.

ಕಾರ್ತೀಕ ಮಾಸದ ಒಂದು ಬೆಳಿಗ್ಗೆ ಅತ್ತೆ ಕೂಗಿದರು. "ಗಿರಿಜಾ, ಹಿತ್ತಲಕ್ಕ ಕೋಳಿ ಹೊಕ್ಕಾವ ನೋಡು. ಸರಸರ ಸಪ್ಪಳ ಬರಾಕತ್ತೈತಿ." ನಾನು ಒಲೆಯ ಮೇಲೆ ಒಗ್ಗರಣೆ ಬಿಟ್ಟು ಸೌಟು ಹಿಡಿದುಕೊಂಡೇ ಓಡಿದೆ. ಕೋಳಿ ಇರಲಿಲ್ಲ. ಬಾಳೆಯ ಬುಡದಲ್ಲಿ ಒಂದು ಹಕ್ಕಿ ಇತ್ತು. ಮೈನಾದಷ್ಟೇ ಗಾತ್ರ. ತಲೆ, ಎದೆ, ಹೊಟ್ಟೆ ಎಲ್ಲ ಮಾಗಿದ ಕಿತ್ತಳೆಯ ಬಣ್ಣ, ಬೆನ್ನು ಮಕ್ಕಳ ಸ್ಲೇಟುಪಾಟಿಯ ಬಣ್ಣ. ಬಿಳಿ ಕೆನ್ನೆಯ ಮೇಲೆ ಕಣ್ಣಿನಿಂದ ಕೆಳಕ್ಕೆ ಎರಡು ಕಪ್ಪು ಗೆರೆ, ಅತ್ತು ಕಾಡಿಗೆ ಇಳಿದ ಹಾಗೆ. ಎರಡು ಹೆಜ್ಜೆ ಕುಪ್ಪಳಿಸುವುದು, ನಿಲ್ಲುವುದು, ತಲೆ ವಾರೆ ಮಾಡಿ ನೆಲಕ್ಕೆ ಕಿವಿ ಕೊಡುವುದು. ಆಮೇಲೆ ಒಂದು ಎಲೆಯ ಅಂಚನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆ ಒಗೆಯುವುದು. ಕೆಳಗೆ ಹುಳ ಸಿಕ್ಕರೆ ತಿನ್ನುವುದು, ಸಿಗದಿದ್ದರೆ ಇನ್ನೊಂದು ಎಲೆ. ತನ್ನ ತಲೆಗಿಂತ ದೊಡ್ಡ ಬಾದಾಮಿ ಎಲೆಯನ್ನೂ ಬಿಡಲಿಲ್ಲ.

ಅತ್ತೆ ದಿಂಬಿನ ಮೇಲೆ ಮೊಳಕೈ ಊರಿ ಅರ್ಧ ಎದ್ದಿದ್ದರು. ಸ್ವಲ್ಪ ಹೊತ್ತು ನೋಡಿ, "ಅದಕ್ಕೂ ನಿನ್ನಂಗ ಕಸಾ ಹೊಡಿಯಾಕ ಬರಂಗಿಲ್ಲ" ಎಂದರು. ಆದರೆ ಮಲಗಲಿಲ್ಲ. ಅಷ್ಟರಲ್ಲಿ ಒಳಗೆ ಒಗ್ಗರಣೆ ಸೀದಿತ್ತು.

ಹಕ್ಕಿಗಳ ವಿಷಯದಲ್ಲಿ ನಮ್ಮಿಬ್ಬರದೂ ಪೂರ್ವಗ್ರಹವೇ. ಜವಳಗೇರಾದಲ್ಲಿ ನಾವು ಮಕ್ಕಳು ಭತ್ತದ ಗದ್ದೆಯ ಬದುವಿನಲ್ಲಿ ಎಣ್ಣೆ ಡಬ್ಬಿ ಬಡಿಯುತ್ತ ಕೂರುತ್ತಿದ್ದೆವು. ರಾಟೆವಾಳದ ಹಿಂಡು ಬಂದರೆ ಡಬ್ಬಿ, ಗುಬ್ಬಿ ಬಂದರೆ ಡಬ್ಬಿ. ಯಾವ ಹಕ್ಕಿ ಹೇಗೆ ಹಾಡುತ್ತದೆಂದು ನನಗೆ ಗೊತ್ತಾಗಲೇ ಇಲ್ಲ, ಡಬ್ಬಿಯ ಸದ್ದಿನಲ್ಲಿ ಕೇಳಿಸಬೇಕಲ್ಲ! ಅತ್ತೆಯ ತವರು ಮಳೆ ನಂಬಿದ ಎರೆ ಹೊಲದ ಊರು. ಜೋಳ ಹಾಲುಗಟ್ಟಿದಾಗ ಕವಣೆ ಬೀಸಿ ಕಲ್ಲು ಒಗೆಯುತ್ತಿದ್ದವರು ಅವರು. ಇಬ್ಬರಿಗೂ ಹಕ್ಕಿ ಎಂದರೆ ತೆನೆ ತಿನ್ನುವ ಕಳ್ಳ. ತೆನೆಯ ಗೊಡವೆಯೇ ಇಲ್ಲದೆ ಕಸ ಕೆದರಿ ಬದುಕುವ ಹಕ್ಕಿಯನ್ನು ನಾವು ನೋಡಿರಲಿಲ್ಲ.

ನಮ್ಮ ಶಾಲೆಯ ವಿಜ್ಞಾನದ ಸರ್‌ಗೆ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದೆ. ಫೋಟೋದಲ್ಲಿ ಬಾಳೆಯ ಬುಡ ಚೆನ್ನಾಗಿ ಬಂದಿತ್ತು, ಹಕ್ಕಿಯ ಬಾಲ ಮಾತ್ರ ಸಿಕ್ಕಿತ್ತು. ನನ್ನ ವರ್ಣನೆ ಕೇಳಿ, ಪುಸ್ತಕ ತಿರುವಿ, ಅದು ನೆಲಸಿಳ್ಳಾರ ಎಂದರು. ದಟ್ಟ ಕಾಡಿನ ಹಕ್ಕಿ. ಮಳೆಗಾಲದಲ್ಲಿ ಪಡುವಣದ ಕಾಡುಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಕೆಲವು ಈ ಕಡೆ ಇಳಿದು ಬರುತ್ತವೆ. ನೆರಳು ಬೇಕು, ತೇವ ಬೇಕು, ನೆಲದ ಮೇಲೆ ಕೊಳೆತ ಎಲೆ ಬೇಕು. ಎಲೆಯ ಕೆಳಗಿನ ಎರೆಹುಳ, ಬಸವನಹುಳವೇ ಅದರ ಊಟ. "ಬಯಲ ಸೀಮೆಯೊಳಗ ಅದಕ್ಕ ಜಾಗ ಸಿಗೋದ ಕಠಿಣ ರೀ ಮೇಡಂ. ಎಲ್ಲಾ ಕಡೆ ಸಾಫ್ ಮಾಡಿ ಇಟ್ಟಿರ್ತಾರ" ಎಂದರು.

ಅದನ್ನೇ ಮನೆಯಲ್ಲಿ ಹೇಳಿದೆ. "ಅಡವಿ ಹಕ್ಕಿಗೆ ನಮ್ಮನಿ ವಿಳಾಸ ಯಾರು ಕೊಟ್ರು?" ಎಂದರು ಅತ್ತೆ.

"ನಿನ್ನ ಸೊಸಿನ ಕೊಟ್ಟಾಳ ಯವ್ವಾ" ಎಂದರು ನಮ್ಮ ಮನೆಯವರು. ಬಿದ್ದ ಮೇಲೆ ಅತ್ತೆ ಮೊದಲ ಸಲ ಜೋರಾಗಿ ನಕ್ಕದ್ದು ಆಗಲೇ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅತ್ತೆ ನಡೆಯುತ್ತಿರಲಿಲ್ಲ. ಡಾಕ್ಟರು ವಾಕರ್ ಕೊಟ್ಟು ದಿನಕ್ಕೆ ನಾಲ್ಕು ಸಲ ನಡೆಯಲೇಬೇಕು ಎಂದಿದ್ದರು. ಅತ್ತೆಗೆ ಭಯ. ಹಿಂದೆ ನೋಡದೆ ಹಿಂದಕ್ಕೆ ನಡೆದ ಹೆಂಗಸು ಮುಂದಕ್ಕೆ ಒಂದು ಹೆಜ್ಜೆ ಇಡಲು ನಡುಗುತ್ತಿದ್ದರು. "ಮುರದ ಕಾಲು ನಂಬಬಾರದು" ಎಂದು ಮಂಚ ಹಿಡಿದುಬಿಟ್ಟಿದ್ದರು. ಕಾಲಕಾಲಕ್ಕೆ ನಾವಿಬ್ಬರೂ ಎತ್ತಿ ಕೂರಿಸಬೇಕು. ಹೀಗೇ ಮಲಗಿಬಿಡುತ್ತಾರೇನೋ ಎಂಬ ಹೆದರಿಕೆ ನಮಗಿತ್ತು, ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ.

ನೆಲಸಿಳ್ಳಾರಕ್ಕೆ ಒಂದು ಚಟ. ಬಾಳೆಯ ಬುಡದಲ್ಲಿ ಹತ್ತು ಎಲೆ ಮಗುಚಿ, ಆಮೇಲೆ ಮಾವಿನ ಗಿಡದ ಹಿಂದಕ್ಕೆ ಹೋಗಿಬಿಡುತ್ತಿತ್ತು. ಮಂಚದಿಂದ ಅಲ್ಲಿಗೆ ನೋಟ ಹಾಯುವುದಿಲ್ಲ. ಎಲೆಯ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಅತ್ತೆ ಕತ್ತು ಉದ್ದ ಮಾಡುವರು, ಹಲ್ಲು ಕಡಿಯುವರು. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ, "ಆ ಕಬ್ಬಿಣದ್ದು ಇಲ್ಲಿ ತಾ" ಎಂದರು. ಯಾವ ಕಬ್ಬಿಣದ್ದು ಎಂದು ತಿಳಿಯದೆ ನಾನು ಒಲೆಯ ಇಕ್ಕಳ ಒಯ್ದೆ. ಅವರು ಕೇಳಿದ್ದು ವಾಕರ್.

ಮೊದಲ ದಿನ ಪಡಸಾಲೆಯ ಕಂಬದವರೆಗೆ. ಅಲ್ಲಿಂದ ಹಕ್ಕಿಯ ಬಾಲ ಕಂಡಿತಂತೆ. ಮುಂದಿನ ವಾರ ಬಾಗಿಲವರೆಗೆ, ಅಲ್ಲಿಂದ ಅರ್ಧ ಹಕ್ಕಿ. ಸಂಕ್ರಾಂತಿಯ ಹೊತ್ತಿಗೆ ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಿದ್ದರು. ಅಲ್ಲಿಂದ ಕೆಳಕ್ಕೆ ಎರಡೇ ಮೆಟ್ಟಿಲು, ಆಮೇಲೆ ಹಿತ್ತಲು. "ಅಮಾಸಿ ಆಗಲಿ, ಸೋಮವಾರ ಕೆಳಗ ಇಳಿತೀನಿ. ಗಿಡದ ಹಿಂದ ಏನ್ ಮಾಡತೈತಿ ನೋಡತೀನಿ" ಎಂದು ತಾವೇ ದಿನ ಗೊತ್ತು ಮಾಡಿದರು. ನನ್ನ ಸಂತೋಷ ನಾನು ಯಾರಿಗೆ ಹೇಳಲಿ? ಪಕ್ಕದ ಮನೆಯ ಪಾರ್ವತಮ್ಮನಿಗೆ ಹೇಳಿದೆ, ಶಾಲೆಯಲ್ಲಿ ಹೇಳಿದೆ, ತರಕಾರಿಯವಳಿಗೂ ಹೇಳಿದೆ.

ಆ ಸಂತೋಷದಲ್ಲಿಯೇ ನಾನು ಮಾಡಬಾರದ್ದನ್ನು ಮಾಡಿದೆ.

ಸೋಮವಾರ ನಸುಕಿಗೇ ಎದ್ದೆ. ಐದು ತಿಂಗಳ ಮೇಲೆ ಅತ್ತೆ ತಮ್ಮ ಹಿತ್ತಲಿಗೆ ಕಾಲಿಡುತ್ತಾರೆ, ಕಸದ ಮೇಲೆ ಇಡಬೇಕೇ? ನನ್ನ ಕೈ ಸುಮ್ಮನೆ ಕಡ್ಡಿ ಕಸಬರಿಗೆಯತ್ತ ಹೋಯಿತು. ಈ ಓಣಿಯ ಯಾವ ಸೊಸೆಯಾದರೂ ಅದನ್ನೇ ಮಾಡುತ್ತಿದ್ದಳು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ದೂರದ ಮೂಲೆಯಿಂದ ಹಿಂದಕ್ಕೆ ಹಿಂದಕ್ಕೆ ಬಂದೆ, ಒಗೆಯುವ ಕಲ್ಲನ್ನು ನೋಡಿಕೊಂಡು. ಐದು ತಿಂಗಳ ಎಲೆಯನ್ನು ಬುಟ್ಟಿ ಬುಟ್ಟಿ ಹೊತ್ತು ಬಯಲಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಟ್ಟೆ. ಕೊಳೆತದ್ದನ್ನು ಸಲಿಕೆಯಿಂದ ಹೆರೆದೆ. ಸಗಣಿ ನೀರು ಚಿಮುಕಿಸಿದೆ. ಮೆಟ್ಟಿಲ ಕೆಳಗೆ ಒಂದು ಸಣ್ಣ ರಂಗೋಲಿಯನ್ನೂ ಹಾಕಿದೆ. ನಿಂತು ನೋಡಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅರ್ಧಚಂದ್ರದ ಗೆರೆಗಳು ಸಾಲಾಗಿ ಮೂಡಿದ್ದವು. ಮದುವೆಯಾದ ಮೇಲೆ ಮೊದಲ ಸಲ ನನಗೆ ಕಸ ಹೊಡೆಯಲು ಬಂದಿತ್ತು.

ಅತ್ತೆ ವಾಕರ್ ಹಿಡಿದು ಬಾಗಿಲಿಗೆ ಬಂದರು. ನೋಡಿದರು. ನಾನು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೊಗಳಿಕೆಗೆ ಕಾದೆ.

"ಎಲಿ ಎಲ್ಲಿ?"

"ಸುಟ್ಟೆನ್ರಿ ಅತ್ತಿ."

"ಎಲ್ಲಾ?"

"ಎಲ್ಲಾ."

ಅವರು ವಾಕರ್ ಅನ್ನು ನಿಧಾನಕ್ಕೆ ತಿರುಗಿಸಿದರು. ಮಂಚಕ್ಕೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿ, "ಕಸಾ ಚೊಲೊ ಹೊಡದಿ ಬೇ" ಎಂದರು. ಇಪ್ಪತ್ತೆರಡು ವರ್ಷಕ್ಕೆ ಬಂದ ಮೊದಲ ಹೊಗಳಿಕೆ ಅದು. ಅದನ್ನು ಕೇಳಿ ನನಗೆ ಎಷ್ಟು ಸಂಕಟವಾಯಿತೆಂದರೆ ಆ ದಿನ ಶಾಲೆಗೆ ರಜೆ ಹಾಕಿದೆ.

ಹಕ್ಕಿ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಒಮ್ಮೆ ನಿಂಬೆಯ ಪೊದೆಯ ಒಳಗೆ ಕಂಡಂತಾಯಿತು, ಬೋಳು ನೆಲವನ್ನು ನೋಡಿ ಗೋಡೆ ಹಾರಿ ಹೋಯಿತು. ಅತ್ತೆ ಏಳುವುದನ್ನೇ ಬಿಟ್ಟರು. ಬೈದಿದ್ದರೆ ನನಗೆ ಸುಲಭವಿತ್ತು. ಬೈಯಲಿಲ್ಲ. "ಕಾಲು ಜಗ್ಗತೈತಿ, ನಾಳಿ ನೋಡೂಣು" ಎನ್ನುವರು. ನಾನು ಹೇಳಿಕೊಟ್ಟ ಪಾಠವೇ. ಪಾರ್ವತಮ್ಮ ಮಾತ್ರ ಗೋಡೆಯ ಮೇಲಿಂದ ಹಣಿಕಿ, "ಏನ್ ಸಾಫ್ ಆಗೇತ್ರಿ ಟೀಚರ್ರ, ಕಣ್ಣಿಗೆ ಒತ್ತಿಕೋಬೇಕು" ಎಂದು ದಿನಾ ಗಾಯಕ್ಕೆ ಉಪ್ಪು ಸವರುತ್ತಿದ್ದರು.

ನಮ್ಮ ಮನೆಯವರು ಅಂಗಡಿಯ ಮಾಲು ತರಲು ಸಿಂಧನೂರಿಗೆ ಹೋದವರು ಬರುವಾಗ ಟೆಂಪೊದಲ್ಲಿ ಎಂಟು ಚೀಲ ಹಾಕಿಕೊಂಡು ಬಂದರು. ಅಕ್ಕಿ ಮಿಲ್ಲಿನ ಹೊಟ್ಟು! "ಕಸಾ ಅಂದ್ರ ಕಸಾ. ಹಕ್ಕಿಗೆ ಏನ್ ಗೊತ್ತಾಗತೈತಿ?" ಎಂದು ಹಿತ್ತಲ ತುಂಬ ಹರಡಿದರು. ನನ್ನ ತವರಿನ ಹೊಟ್ಟು ನನ್ನ ಬೆನ್ನು ಹತ್ತಿ ಮಸ್ಕಿಗೂ ಬಂತು. ಮರುದಿನ ಊರಿನ ಗುಬ್ಬಿಗಳೆಲ್ಲ ನಮ್ಮ ಹಿತ್ತಲಲ್ಲಿದ್ದವು. ಗಾಳಿ ಎದ್ದಾಗ ಅತ್ತೆಯ ಹಾಸಿಗೆ, ನನ್ನ ಸಾರು, ಪಾರ್ವತಮ್ಮನ ಒಣಹಾಕಿದ ಸೀರೆ ಎಲ್ಲವೂ ಹೊಟ್ಟುಮಯ. ಅತ್ತೆ ಕೆಮ್ಮುತ್ತ, "ಈರ್ಯಾ, ನನ್ನ ಜೀವಂತ ಹೂಳಾಕ ತಂದೀಯೇನು?" ಎಂದರು. ಎರಡು ದಿನ ಕೂತು ಅದನ್ನು ಬಳಿದು ಚೀಲಕ್ಕೆ ತುಂಬಿದೆವು.

ಆ ವಾರ ಲಿಂಗಸುಗೂರಿಗೆ ತೋರಿಸಲು ಕರೆದೊಯ್ದೆವು. ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಚೆನ್ನಾಗಿ ಕೂಡಿದೆ ಎಂದರು. ಅತ್ತೆಯನ್ನು ನಿಲ್ಲಿಸಲು ನೋಡಿದರು, ಅವರು ನಿಲ್ಲಲಿಲ್ಲ. ನಮ್ಮಿಬ್ಬರನ್ನು ಹೊರಗೆ ಕರೆದು, "ಕಾಲಿನ್ಯಾಗ ಏನೂ ದೋಷ ಇಲ್ಲ. ಈ ತಿಂಗಳಾಗ ಎದ್ದು ಅಡ್ಡಾಡಲಿಲ್ಲ ಅಂದ್ರ ಕೀಲು ಬಿಗಿತಾವ. ಆಮ್ಯಾಲೆ ಮಂಚನ ಗತಿ. ಹೆಂಗರ ಮಾಡಿ ಎಬ್ಬಿಸ್ರಿ" ಎಂದರು. ಹೆಂಗರ ಮಾಡಿ ಎಂಬುದಕ್ಕೆ ಅವರ ಬಳಿ ಔಷಧ ಇರಲಿಲ್ಲ. ನನಗೆ ಆ ವರಾಂಡದ ನೆಲದ ಮೇಲೆ ಕೂತು ಅಳಬೇಕೆನ್ನಿಸಿತು. ಅವರನ್ನು ಎಬ್ಬಿಸಿದ್ದ ಒಂದು ಜೀವವನ್ನು ಕಸಬರಿಗೆಯಿಂದ ಓಡಿಸಿದವಳು ನಾನೇ ತಾನೆ?

ಬಾಡಿಗೆ ಕಾರಿನಲ್ಲಿ ಮರಳುತ್ತಿದ್ದೆವು. ಊರಾಚೆ ಹಳ್ಳದ ದಂಡೆಯಲ್ಲಿ ಒಂದು ಮಾವಿನ ತೋಟ. ಹಳೆಯ ಗಿಡಗಳು, ಕೆಳಗೆ ಕತ್ತಲೆಯಂಥ ನೆರಳು. ಅತ್ತೆ ಕಿಟಕಿಯಿಂದ ನೋಡುತ್ತಿದ್ದವರು ಡ್ರೈವರನ ಹೆಗಲು ತಟ್ಟಿದರು. "ನಿಂದ್ರಸಪಾ."

"ಯಾಕ ಯವ್ವಾ, ಏನಾತು?" ಎಂದರು ಮಗ.

"ಎಲಿ ಎಷ್ಟ ಬಿದ್ದಾವ ನೋಡು" ಎಂದರು ಅತ್ತೆ. ಹದಿನೈದು ದಿನಗಳ ಮೇಲೆ ಅವರ ದನಿಯಲ್ಲಿ ಜೀವವಿತ್ತು. ಅದನ್ನು ಕೇಳಿದ್ದೇ ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಕಾರಿನಿಂದ ಇಳಿದೆ.

ಡ್ರೈವರನ ಖಾಲಿ ಚೀಲ ಎರಡು ಡಿಕ್ಕಿಯಲ್ಲಿದ್ದವು, ತೋಟದ ಕಾವಲುಗಾರ ಇನ್ನೆರಡು ಕೊಟ್ಟ. ಕೊಡುವ ಮೊದಲು ಬಡಿಗೆ ಹಿಡಿದು ಓಡಿ ಬಂದಿದ್ದ. ವಯಸ್ಸಾದ ಮನುಷ್ಯ.

"ಯಾರದು? ಈಗಿನ್ನ ಹೂವು ಬಿಟ್ಟಾವ, ಏನ್ ಕದಿಯಾಕ ಬಂದೀರಿ?"

"ಕದಿಯಾಕ ಅಲ್ಲೋ ಮುತ್ಯಾ, ಕಸಾ ಒಯ್ಯಾಕ ಬಂದೀವಿ" ಎಂದರು ನಮ್ಮ ಮನೆಯವರು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮೊಣಕಾಲೂರಿ ಎಲೆ ಬಾಚುತ್ತ.

"ಕಸಾ? ಮನ್ಯಾಗ ಕಸಾ ಇಲ್ಲೇನು?"

"ಇತ್ತು. ಸುಟ್ಟುಬಿಟ್ವಿ."

ಮುದುಕ ನನ್ನನ್ನು ನೋಡಿದ, ಕಾರಿನಲ್ಲಿದ್ದ ಅತ್ತೆಯನ್ನು ನೋಡಿದ. ಮಾನಸಿಕ ದವಾಖಾನೆಯಿಂದ ಬಂದವರೆಂದು ತಿಳಿದಿರಬೇಕು. ಅತ್ತೆಯೇ ಕಿಟಕಿಯಿಂದ ತಲೆ ಹೊರಹಾಕಿ ಹಕ್ಕಿಯ ಚಹರೆ ಹೇಳಿದರು. ಕಣ್ಣ ಕೆಳಗಿನ ಗೆರೆಯ ತನಕ ಹೇಳಿದರು. ಅವನ ಮುಖ ಬಿಚ್ಚಿಕೊಂಡಿತು. "ಅದೇನ್ರೀ! ಇಲ್ಲೂ ಬರತೈತಿ. ಹಂಗಾದ್ರ ಮ್ಯಾಲಿನ ಒಣ ಎಲಿ ಒಯ್ಯಬ್ಯಾಡ್ರಿ. ಕೆಳಗ ಕಪ್ಪಾಗಿರತಾವಲ್ಲ, ಅವನ್ನ ಮಣ್ಣ ಸಮೇತ ಒಯ್ರಿ. ಅದರಾಗ ಹುಳಾ ಇರತಾವ" ಎಂದು ತಾನೇ ಸಲಿಕೆ ತಂದ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನ ಮಾಡಿ, ಅದರ ತುಂಬ ಜನ ನಮ್ಮನ್ನು ನೋಡಿದರು. ಅದರಲ್ಲಿ ನನ್ನ ಶಾಲೆಯ ಹೆಡ್‌ಮಾಸ್ಟರು ಇದ್ದರೆಂದು ಮರುದಿನ ತಿಳಿಯಿತು.

ಮನೆಗೆ ಬಂದು ಚೀಲಗಳನ್ನು ಸುರಿದೆವು. ನಮ್ಮ ಮನೆಯವರು ಕೈಯಿಂದ ಹರಡಿದರು, ನಾನು ಬಚ್ಚಲು ನೀರನ್ನು ಆ ಕಡೆ ತಿರುಗಿಸಿದೆ. ಅತ್ತೆ ಮಂಚದ ಮೇಲಿಂದ, "ಬಾಳಿ ಬುಡಕ್ಕ ಇನ್ನ ಹಾಕ್ರಿ, ದಪ್ಪ ಹಾಕ್ರಿ, ಹಿಂಗ ತೆಳ್ಳಗ ಹಾಸಿದ್ರ ಯಾರು ಬರತಾರ?" ಎಂದು ಹೇಳುತ್ತಲೇ ಇದ್ದರು. ಊರಿಗೇ ಸ್ವಚ್ಛ ಎನಿಸಿಕೊಂಡ ಮನೆಯಲ್ಲಿ ಮೂವರು ವಯಸ್ಕರು ಹಗಲು ಹೊತ್ತಿನಲ್ಲಿ ಕಸ ಹಾಕುತ್ತಿದ್ದೆವು. ಪಾರ್ವತಮ್ಮ ಗೋಡೆಯ ಮೇಲಿಂದ ನೋಡಿದವರು ತಟಕ್ಕನೆ ಕೆಳಗಿಳಿದರು.

ಮೂರು ದಿನ ಏನೂ ಇಲ್ಲ. ನಾನು ಯಾವ ದೇವರಿಗೆ ಹರಕೆ ಹೊತ್ತೆ ಎಂದು ಹೇಳುವುದಿಲ್ಲ, ಹಕ್ಕಿಗಾಗಿ ಹರಕೆ ಹೊತ್ತವಳೆಂದು ನಗುತ್ತೀರಿ. ನಾಲ್ಕನೆಯ ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದೆ. ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಬಗ್ಗಿ ನೋಡಿದರೆ ಅತ್ತೆ ತಾವೇ ಎದ್ದು ಕೂತು, ವಾಕರ್ ಅನ್ನು ಕಾಲಿನಿಂದ ಹತ್ತಿರ ಎಳೆದುಕೊಳ್ಳುತ್ತಿದ್ದರು. ನನಗೆ ಕೇಳಿಸುವ ಮೊದಲೇ ಅವರಿಗೆ ಕೇಳಿಸಿತ್ತು. ಮಾವಿನ ಗಿಡದ ಹಿಂದೆ ಸರಕ್, ಸರಕ್.

ಕಂಬ ದಾಟಿದರು. ಬಾಗಿಲು ದಾಟಿದರು. ಮೆಟ್ಟಿಲ ತುದಿಯಲ್ಲಿ ನಿಂತು ವಾಕರ್ ಅನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಓಡಿ ಹೋಗಿ ಹಿಡಿಯಬೇಕು. ಓಡಿದರೆ ಹಕ್ಕಿ ಹಾರುತ್ತದೆ. ಕೂಗಲೂ ಆಗದು. ಎಲೆಗಳು ಒದ್ದೆ, ಜಾರುತ್ತವೆ, ತಂದು ಹಾಕಿದವಳೂ ನಾನೇ. ಆ ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಎಷ್ಟು ಸಲ ಸತ್ತು ಬದುಕಿದೆನೋ. ಅವರು ಇಳಿದರು. ಎಲೆಯಲ್ಲಿ ಪಾದ ಮುಚ್ಚಿತು. ಒಂದು ಹೆಜ್ಜೆ, ನಿಲ್ಲುವುದು. ಇನ್ನೊಂದು ಹೆಜ್ಜೆ, ನಿಲ್ಲುವುದು. ಗಿಡದ ಪಕ್ಕಕ್ಕೆ ಹೋಗಿ ನಿಂತುಬಿಟ್ಟರು.

ಹಕ್ಕಿಯೂ ಎಲೆ ಕಚ್ಚಿಕೊಂಡೇ ಕಲ್ಲಾಗಿ ನಿಂತಿತು. ಇಬ್ಬರೂ ಎಷ್ಟು ಹೊತ್ತು ಹಾಗೆ ನಿಂತರೋ. ಕೊನೆಗೆ ಈ ಮುದುಕಿ ತನ್ನ ಪಾಡಿಗೆ ತಾನಿರುವವಳು ಎಂದು ಅದಕ್ಕೆ ಅನಿಸಿರಬೇಕು, ಎಲೆಯನ್ನು ಪಕ್ಕಕ್ಕೆ ಒಗೆದು ಒಂದು ಉದ್ದ ಎರೆಹುಳವನ್ನು ಎಳೆಯತೊಡಗಿತು. ಅತ್ತೆಯ ಹೆಗಲು ಕುಣಿಯುತ್ತಿತ್ತು, ನಗುತ್ತಿದ್ದರು. ಆಮೇಲೆ ತಾವೇ ತಿರುಗಿ, ತಾವೇ ಮೆಟ್ಟಿಲು ಹತ್ತಿ ಬಂದು, "ಗಿರಿಜಾ, ಚಾ ಮಾಡು" ಎಂದರು. ನಾನು ಅಕ್ಕಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಅಳುತ್ತಿದ್ದೆ. ಅಷ್ಟು ಹಗುರವಾಗಿ ನಾನು ಯಾವತ್ತೂ ಅತ್ತಿಲ್ಲ.

ಆಮೇಲೆ ದಿನಾ ಇಳಿದರು. ಶಿವರಾತ್ರಿ ಕಳೆದ ಮೇಲೆ ವಾಕರ್ ಹೋಗಿ ಕೋಲು ಬಂತು. ಬಿಸಿಲು ಏರತೊಡಗಿದಾಗ ಹಕ್ಕಿ ಬೆಳಗಿನ ಜಾವ ಮಾವಿನ ಗಿಡದ ಒಳ ಟೊಂಗೆಯಲ್ಲಿ ಕೂತು ಮೆಲ್ಲಗೆ ಹಾಡಲು ಶುರುಮಾಡಿತು. ಬಾಯೊಳಗೇ ಗುನುಗಿದಂತೆ. ನಡುನಡುವೆ ಪಿಕಳಾರದ ದನಿ, ಟುವ್ವಿಯ ದನಿ ತೆಗೆಯುತ್ತಿತ್ತು. "ಓಣಿ ಮಂದಿನ್ನೆಲ್ಲಾ ಅಣಕಸತೈತಿ" ಎನ್ನುವರು ಅತ್ತೆ. ಡಬ್ಬಿ ಬಡಿದು ಬೆಳೆದ ನಾನು ಹಕ್ಕಿಯ ಹಾಡನ್ನು ಕೂತು ಕೇಳಿದ್ದು ಅದೇ ಮೊದಲು.

ಯುಗಾದಿಗೆ ಮುಂಚೆ ಒಂದು ದಿನ ಅದು ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಗೂಡು ಕಟ್ಟಲು ಪಡುವಣದ ಕಾಡಿಗೆ ಹೋಗಿರಬೇಕು, ಮಳೆಗಾಲ ಕಳೆದು ಬರಬಹುದು ಎಂದರು ವಿಜ್ಞಾನದ ಸರ್. ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದಾಗ, "ಬಾಣಂತನಕ್ಕ ಹೋಗ್ಯಾಳ ಅನ್ನು" ಎಂದರು. ಬಣ್ಣ ಅಷ್ಟು ಗಾಢವಿದ್ದರೆ ಗಂಡಿರಬೇಕಂತ್ರಿ ಎಂದೆ. "ಹಂಗಾದ್ರ ಕರಕೊಂಡು ಬರಾಕ ಹೋಗ್ಯಾನ" ಎಂದು ಮಲಗಿದರು. ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ನಾಳೆ ಮತ್ತೆ ಗೋಡೆಯ ಕಡೆ ಮುಖ ಮಾಡಿಬಿಟ್ಟರೆ?

ಬೆಳಿಗ್ಗೆ ಎದ್ದು ನೋಡಿದರೆ ಮಂಚ ಖಾಲಿ. ಹಿತ್ತಲಲ್ಲಿಲ್ಲ, ಬಚ್ಚಲಲ್ಲಿಲ್ಲ. ಮುಂಬಾಗಿಲು ತೆರೆದಿತ್ತು. ಬಿದ್ದ ದಿನಕ್ಕಿಂತ ಹೆಚ್ಚು ಹೆದರಿ ಓಣಿಗೆ ಓಡಿದೆ. ಪಾರ್ವತಮ್ಮನ ಮನೆಯ ಹಿಂದಿನಿಂದ ಜೋರು ದನಿ ಕೇಳಿಸಿತು. ಹೋಗಿ ನೋಡಿದರೆ, ಪಾರ್ವತಮ್ಮ ಅರ್ಧ ಬಗ್ಗಿ ಕಸಬರಿಗೆ ಹಿಡಿದಲ್ಲೇ ನಿಂತುಬಿಟ್ಟಿದ್ದಾರೆ. ಎದುರಿಗೆ ನಮ್ಮ ಅತ್ತೆ, ಕೋಲನ್ನು ಎತ್ತಿ ಅವರ ಬೇವಿನ ಗಿಡದ ಬುಡ ತೋರಿಸುತ್ತಿದ್ದಾರೆ. ಯಾವ ಆಸರೆಯೂ ಇಲ್ಲದೆ ತಮ್ಮ ಕಾಲ ಮೇಲೆ ತಾವೇ ನಿಂತಿದ್ದರು.

"ಅಷ್ಟು ಜಾಗಾದಾಗಿನ ಎಲಿ ಮುಟ್ಟಬ್ಯಾಡ ಪಾರ್ವತಿ, ಹೇಳೀನಿ ನೋಡು. ಬರೋ ಕಾರ್ತೀಕಕ್ಕ ಅವು ಸಂಸಾರ ಕಟ್ಟಿಕೊಂಡು ಬರತಾವ. ನಮ್ಮ ಒಂದ ಮನಿ ಎಲಿ ಎಲ್ಲಿ ಸಾಲತೈತಿ?"

ಪಾರ್ವತಮ್ಮ ನನ್ನನ್ನು ಕಂಡು ಗಾಬರಿಯಿಂದ ಹತ್ತಿರ ಬಂದು ಪಿಸುಗುಟ್ಟಿದರು. "ಟೀಚರ್ರ, ದೊಡ್ಡವ್ವಗ ಏನಾಗೇತ್ರಿ?"

"ಏನೂ ಆಗಿಲ್ಲ ಪಾರ್ವತಕ್ಕ" ಎಂದೆ. "ಆರಾಮ ಆಗ್ಯಾರ."